ಕಡ್ಡಿ ಮೇಡಂ ಮತ್ತು ಹಳ್ಳದ ಎಡದಂಡೆ

ಹರಿಯುವ ನೀರನ್ನು ಕಾಯುವುದೆಂದರೆ ಕಲ್ಲು ಪೇರಿಸಿ ಸಿಮೆಂಟು ಮೆತ್ತುವುದೆಂದೇ ತಿಳಿದಿದ್ದ ಇಲಾಖೆಯೊಂದರಲ್ಲಿ, ದಂಡೆಯನ್ನು ಹಿಡಿದು ನಿಲ್ಲಿಸುವುದು ಬೇರು, ಕೆಸರನ್ನು ಸೋಸುವುದು ಹುಲ್ಲು ಎಂದು ಮೂವತ್ತಮೂರು ವರ್ಷ ಒಂದೇ ಸಮನೆ ಹೇಳಿ, ಹೇಳಿದ್ದನ್ನು ನೆಟ್ಟು ತೋರಿಸಿದ ಹಿರಿಯರಿಗೆ ಈ ಅಭಿನಂದನ ಗ್ರಂಥ ಅರ್ಪಿತವಾಗಿದೆ. ಕಡತಗಳಲ್ಲಿ ಅವರದು ಉದ್ದನೆಯ ಹೆಸರಿನ ಹುದ್ದೆ. ಕೂಲಿಯವರಿಗೆ ಮಾತ್ರ ಅವರು ಮೊದಲಿನಿಂದಲೂ ಕಡ್ಡಿ ಮೇಡಂ. ಬಗಲಲ್ಲಿ ಸದಾ ಹಳ್ಳದಂಚಿನ ನೀರಂಜಿ ಮರದ ಒಂದು ಕಂತೆ ಕಡ್ಡಿ ಇರುತ್ತಿದ್ದುದೂ, ಮೈಕಟ್ಟು ಅದಕ್ಕಿಂತ ಹೆಚ್ಚೇನೂ ದಪ್ಪವಿರದಿದ್ದುದೂ ಇದಕ್ಕೆ ಕಾರಣ. ಇಂಥ ಗ್ರಂಥಗಳಲ್ಲಿ ಹೊಗಳಿಕೆಯಷ್ಟೇ ಇರುವುದು ವಾಡಿಕೆ. ಈ ಲೇಖಕನಿಗೆ ಅದು ಪೂರ್ತಿ ಸಾಧ್ಯವಾಗುವಂತಿಲ್ಲ.

ಮೇಡಂ ಸೇವೆಗೆ ಸೇರಿದಾಗ ಊರ ಹಿಂದಿನ ಹಳ್ಳದ ಎಡದಂಡೆ ಮಳೆಗಾಲಕ್ಕೊಮ್ಮೆ ಕುಸಿಯುತ್ತಿತ್ತು. ಕೆಳಗಿನ ಪಂಪ್‌ಹೌಸಿಗೆ ನೀರಿಗಿಂತ ಮಣ್ಣೇ ಹೆಚ್ಚು ಬರುತ್ತಿತ್ತು. ಆ ಎರಡು ಕಿಲೋಮೀಟರ್ ದಂಡೆಯನ್ನು ತಮಗೆ ಬಿಟ್ಟುಕೊಡಿ ಎಂದು ಅವರು ಅರ್ಜಿ ಹಾಕಿದರು.

“ಕಡ್ಡಿ ಚುಚ್ಚಿದ್ರೆ ಪ್ರವಾಹ ನಿಲ್ಲುತ್ತೇನಮ್ಮ?” ಎಂದು ಮೇಲಧಿಕಾರಿ ಕೇಳಿದರಂತೆ.

“ನಿಲ್ಲಲ್ಲ ಸರ್. ನಿಧಾನ ಆಗುತ್ತೆ.”

ಕಾಟ ತಪ್ಪಿದರೆ ಸಾಕೆಂದು ಅವರು ಒಪ್ಪಿಗೆ ಕೊಟ್ಟರು. ಚಳಿಗಾಲದಲ್ಲಿ ಎಲೆ ಉದುರಿದ ನೀರಂಜಿಯ ಕೊಂಬೆಗಳನ್ನು ಮೊಳಕೈ ಉದ್ದಕ್ಕೆ ಕತ್ತರಿಸಿ, ಕಚೇರಿಯ ಹಿಂಬದಿಯ ಡ್ರಮ್ಮಿನಲ್ಲಿ ವಾರ ನೆನೆಸಿ, ಮರದ ಸುತ್ತಿಗೆಯಿಂದ ದಂಡೆಗೆ ಹೊಡೆಯುವುದು ಮೇಡಂ ಅವರ ಕ್ರಮ. ನಡುನಡುವೆ ಜೊಂಡು, ಮೇಲೆ ಹುಲ್ಲು.

ಈ ಲೇಖಕ ಅವರ ಕೈಕೆಳಗೆ ಸೇರಿದ ಮೊದಲ ವರ್ಷವೇ ಎಡವಟ್ಟು ಮಾಡಿದ. ಸಲೀಸಾಗಿ ಇಳಿಯುತ್ತದೆಂದು ಕಡ್ಡಿಗಳ ತೆಳು ತುದಿಯನ್ನೇ ಚೂಪು ಮಾಡಿಸಿ, ನಾನೂರನ್ನು ತಲೆಕೆಳಗಾಗಿ ಹೊಡೆಸಿದ. ಒಂದೂ ಚಿಗುರಲಿಲ್ಲ. ತಪಾಸಣೆಗೆ ಬಂದವರೆದುರು ಮೇಡಂ, “ನಾನೇ ಸರಿಯಾಗಿ ಹೇಳ್ಕೊಟ್ಟಿರ್ಲಿಲ್ಲ ಸರ್” ಎಂದು ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡರು. ಛೀಮಾರಿಯ ಪತ್ರ ಅವರ ಕಡತಕ್ಕೆ ಸೇರಿತು. ವಾಪಸು ಬರುವಾಗ ಅವರು ಹೇಳಿದ್ದು ಇಷ್ಟೇ: “ಮೊಗ್ಗು ಯಾವ ಕಡೆ ಮುಖ ಮಾಡಿದೆ ಅಂತ ನೋಡ್ಕೊಂಡು ಹೊಡಿಯಪ್ಪ.”

ಹತ್ತು ಹನ್ನೆರಡು ವರ್ಷಗಳಲ್ಲಿ ದಂಡೆ ಗಟ್ಟಿಯಾಗಿ ನಿಂತಿತು, ನೀರು ತಿಳಿಯಾಯಿತು. “ಮುಂಚೆ ದಿನಕ್ಕೆ ಮೂರ್ಸಲ ಜಾಲರಿ ತೊಳೀತಿದ್ದೆ, ಈಗ ವಾರಕ್ಕೊಂದ್ಸಲ. ನನ್ನ ಕೆಲಸಕ್ಕೇ ಕುತ್ತು ತಂದ್ರಲ್ಲ ಮೇಡಂ” ಎಂದು ಪಂಪ್ ನಡೆಸುವಾತ ದೂರಿದಾಗ ಮೇಡಂ ದಿನವಿಡೀ ನೆನೆನೆನೆದು ನಕ್ಕಿದ್ದರು. ಅವರು ಅಷ್ಟು ನಕ್ಕಿದ್ದನ್ನು ಕಚೇರಿ ಮತ್ತೆ ಕಾಣಲಿಲ್ಲ.

ಕಳೆದ ವರ್ಷ ದಂಡೆಗಳ ಸಮೀಕ್ಷೆಗೆಂದು ಮೇಲಿನಿಂದ ನಮೂನೆಗಳು ಬಂದವು. ‘ಕಲ್ಲು ಕಟ್ಟಿದ ದಂಡೆ’, ‘ರಕ್ಷಣೆ ಇಲ್ಲದ ದಂಡೆ’ ಎಂದು ಅವುಗಳಲ್ಲಿ ಎರಡೇ ಕಾಲಂ, ಬೇರಿಗೆ ಜಾಗವಿರಲಿಲ್ಲ. ಸಂಜೆಯೊಳಗೆ ನಲವತ್ತು ನಮೂನೆ ತುಂಬಿ ಕಳಿಸಬೇಕಿದ್ದ ಈ ಲೇಖಕ, ಎಡದಂಡೆಗೆ ಕಲ್ಲಿಲ್ಲವಲ್ಲ ಎಂದುಕೊಂಡು ಎರಡನೆಯ ಕಾಲಮಿನಲ್ಲಿ ಗುರುತು ಹಾಕಿದ. ಯೋಚಿಸಿ ಹಾಕಿದ್ದರೆ ಕಾರಣವನ್ನಾದರೂ ಹೇಳಬಹುದಿತ್ತು. ಅವನು ಯೋಚಿಸಲೇ ಇಲ್ಲ.

ಮೇಡಂ ನಿವೃತ್ತಿಗೆ ಒಂದು ತಿಂಗಳಿರುವಾಗ ಗೋಡೆ ಕಟ್ಟಲು ಯಂತ್ರಗಳು ಬಂದವು. ಅವರು ಫೋಟೋಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಎಲ್ಲೆಡೆ ಅಧಿಕಾರಿಗಳು ಅದೇ ನಮೂನೆಯನ್ನು ಮುಂದಿಟ್ಟು, “ರಕ್ಷಣೆ ಇಲ್ಲ ಅಂತ ನಿಮ್ಮ ಕಚೇರಿನೇ ಬರ್ಕೊಟ್ಟಿದೆಯಲ್ಲಮ್ಮ” ಎಂದರು. ಮೂರು ದಿನದಲ್ಲಿ ದಂಡೆ ಬೋಳಾಯಿತು. ಕಿತ್ತ ಬೇರುಗಳು ಆಳೆತ್ತರ ರಾಶಿ ಬಿದ್ದಿದ್ದವು.

ನಮೂನೆಯ ಮೇಲಿದ್ದುದು ಕಚೇರಿಯ ಮೊಹರು ಮಾತ್ರ. ಮೇಡಂ ಎಲ್ಲರೆದುರು ನಿಂತು ಮೆಲ್ಲಗೆ ಕೇಳಿದರು: “ಯಾರು ಬರ್ದಿದ್ದು ಅಂತ ಗೊತ್ತಾದ್ರೆ ಹೇಳಿ. ಬೈಯಲ್ಲ. ಪಾಪ, ಹಳ್ಳಾನೇ ನೋಡಿರಲ್ಲ ಅವ್ರು.” ಎದುರು ಮೇಜಿನಲ್ಲಿದ್ದ ಈ ಲೇಖಕ ತಲೆಯೆತ್ತಲಿಲ್ಲ. ಬೀಳ್ಕೊಡುಗೆಯ ದಿನ ಹಾರ ಹಾಕಿದವನೂ ಅವನೇ.

ಈಗ ಮೊದಲ ಮಳೆ ಕಳೆದಿದೆ. ಗೋಡೆಗೆ ಬಡಿದ ನೀರು ರಭಸದಿಂದ ತಿರುಗಿ ಬಲದಂಡೆಯನ್ನು ಕೊರೆಯುತ್ತಿದೆ. ಪಂಪಿನಾತ ಮತ್ತೆ ದಿನಕ್ಕೆ ಮೂರು ಸಲ ಜಾಲರಿ ತೊಳೆಯುತ್ತಾನೆ. ಬಲದಂಡೆಗೂ ಗೋಡೆ ಮಂಜೂರಾಗಿದೆ. ಮೇಡಂ ಆ ಕಡೆ ನಡೆಯುವುದನ್ನು ಬಿಟ್ಟಿದ್ದಾರೆಂದು ಅವರ ಮಗಳು ಹೇಳಿದರು.

ಮೇಡಂ ನೂರು ಕಾಲ ಬಾಳಲಿ, ಅವರ ಕೈಕಾಲು ಗಟ್ಟಿಯಾಗಿರಲಿ ಎಂಬುದು ಮನಸಾರೆ ಮಾಡಿದ ಹಾರೈಕೆ. ಅವರ ಕೆಲಸ ಹೀಗೆಯೇ ಮುಂದುವರಿಯಲಿ ಎಂದು ಬರೆಯುವುದು ಸುಳ್ಳಾಗುತ್ತದೆ. ಈ ಊರಿನಲ್ಲಿ ನೆಡಲು ದಂಡೆ ಉಳಿದಿಲ್ಲ. ‘ಈ ಲೇಖಕ’ ಎಂಬ ಮರೆಯೂ ಇನ್ನು ಸಾಕು. ಮೇಡಂ, ಆ ನಮೂನೆ ಬರೆದವನು ಹಳ್ಳ ನೋಡದವನಲ್ಲ. ನಾನು.