ಮೇಲೆ ಇರುವುದು ಎರಡೇ ಸೀಟು

ನಾನು ಮಾರುವ ಕೋಳಿಮರಿಗಳು ಮೊಟ್ಟೆಯೊಡೆದ ದಿನವೇ ಊರು ಬಿಡಬೇಕು. ಅವನ್ನು ಹೊರುವುದು ಎರಡು ಎಂಜಿನ್ನಿನ ಸಣ್ಣ ಸರಕು ವಿಮಾನ. ಹಾರಿಸುವವರು ನಮ್ಮ ಕ್ಯಾಪ್ಟನ್. ಇಪ್ಪತ್ತೆರಡು ವರ್ಷದಲ್ಲಿ ಒಂದು ಪೆಟ್ಟಿಗೆಯನ್ನೂ ಅಲುಗಿಸಿದವರಲ್ಲ. ನಾಲಿಗೆ ಮಾತ್ರ ಕತ್ತರಿ.

ಆ ಕತ್ತರಿಗೆ ಸಿಕ್ಕವನು ಅವರ ಹೆಂಡತಿಯ ತಮ್ಮ. ಅವನೂ ಪೈಲಟ್. ಆರು ವರ್ಷದ ಹಿಂದೆ ಅವನೊಮ್ಮೆ ವಿಮಾನ ಇಳಿಸಿದ್ದನ್ನು ನೋಡಿ ಕ್ಯಾಪ್ಟನ್, "ಇಳಿಸಿದ್ದಲ್ಲ, ಮೂಟೆ ಎಸೆದದ್ದು" ಎಂದರು. ಮಾರನೆಯ ದಿನದಿಂದ ಇಡೀ ವಿಮಾನ ನಿಲ್ದಾಣಕ್ಕೆ ಅವನು ಮೂಟೆ. ಭಾವ, ಭಾವಮೈದುನರ ಮಾತು ಅಂದೇ ನಿಂತಿತು. ಏನಾದರೂ ಹೇಳಲೇಬೇಕಾದರೆ ನಡುವೆ ಮೂರನೆಯವರು ಬೇಕು: ಮನೆಯಲ್ಲಿ ಅಕ್ಕ, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಮೆಕ್ಯಾನಿಕ್.

ಪೈಲಟ್ ಲೈಸೆನ್ಸು ನನ್ನ ಅಂಗಡಿಯ ಬೋರ್ಡಿನಂತಲ್ಲ, ಒಮ್ಮೆ ತೂಗುಹಾಕಿ ಮರೆಯಲು. ಆರು ತಿಂಗಳಿಗೊಮ್ಮೆ ಪರೀಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿ, ಕೈ ಇನ್ನೂ ಓಡುತ್ತದೆ ಎಂದು ತೋರಿಸಬೇಕು. ಈ ಸಲ ಅವಧಿ ಮುಗಿಯುವ ಮುನ್ನಾದಿನ ಪರೀಕ್ಷಕನಾಗಿ ಬಂದಿಳಿದವನು, ಹೊಸದಾಗಿ ಬಡ್ತಿ ಪಡೆದ ಮೂಟೆ. ಬೇರೆ ಯಾರಿಗೂ ಬಿಡುವಿರಲಿಲ್ಲ. ತಪ್ಪಿದರೆ ಕ್ಯಾಪ್ಟನ್ ನೆಲದ ಮೇಲೆ. ಅವರ ಸೀಟಿಗೆ ಕಂಪನಿ ಆಗಲೇ ಒಬ್ಬನನ್ನು ನೋಡಿಟ್ಟಿತ್ತು.

ಮೇಲೇರಿದ ಕೂಡಲೇ ಮೂಟೆ ಎಡ ಎಂಜಿನ್ನಿನ ಶಕ್ತಿ ಇಳಿಸಿದ. ಅದು ಕೆಟ್ಟಿತೆಂದು ಲೆಕ್ಕ. ಕ್ಯಾಪ್ಟನ್ ವಿಮಾನವನ್ನು ಕೂದಲೆಳೆಯಷ್ಟೂ ವಾಲಗೊಡಲಿಲ್ಲ. ಆದರೆ ನಿಯಮ ಬೇರೆ. ಯಾವ ಎಂಜಿನ್ ಸತ್ತಿದೆ ಎಂದು ಬಾಯಿಬಿಟ್ಟು ಹೇಳಿ, ಅದರ ಹಿಡಿಯ ಮೇಲೆ ಕೈಯಿಟ್ಟು, ಪಕ್ಕದವನು "ಹೌದು" ಎಂದ ಮೇಲೆಯೇ ಮುಂದಿನ ಹೆಜ್ಜೆ. ಗಡಿಬಿಡಿಯಲ್ಲಿ ಬದುಕಿರುವ ಎಂಜಿನ್ನನ್ನೇ ನಿಲ್ಲಿಸಿದವರುಂಟು. ಕ್ಯಾಪ್ಟನ್ ಕೈಯನ್ನೇನೋ ಸರಿಯಾದ ಕಡೆಗೇ ಇಟ್ಟರು. ಬಾಯಿಗೆ ಮಾತ್ರ ಹೊಲಿಗೆ. ಪಕ್ಕದವನು "ಹೌದು" ಎನ್ನಲಿ ಎಂದು ಕಾಯದೆ ಮುಂದುವರಿದರು.

ಇಳಿದ ಮೇಲೆ ಹ್ಯಾಂಗರಿನಲ್ಲಿ ಮೂಟೆ ಕಾಗದ ಮಡಚುತ್ತಾ, "ಫೇಲ್" ಎಂದ.

ಕ್ಯಾಪ್ಟನ್ ಮೆಕ್ಯಾನಿಕ್ ಕಡೆ ತಿರುಗಿದರು. "ಕೈ ಎಲ್ಲಿತ್ತು ಅಂತ ಕಣ್ಣಿದ್ದವರಿಗೆ ಕಾಣ್ತಿತ್ತು ಅಂತ ಹೇಳಪ್ಪ."

"ಕಿವಿಗೇನೂ ಕೇಳಿಸಲಿಲ್ಲ ಅಂತ ನಮ್ಮ ಭಾವನಿಗೆ ಹೇಳಿ," ಎಂದ ಮೂಟೆ.

"ನಾನು ನಟ್ಟು ಬಿಗಿಯೋನು ಸ್ವಾಮಿ, ಅಂಚೆಯವನಲ್ಲ," ಎಂದು ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಂಡು ಹೊರಟ. "ಮೇಲೆ ಇರೋದು ಎರಡೇ ಸೀಟು. ನೀವೇ ನೋಡ್ಕೊಳ್ಳಿ."

ಮರುದಿನ ಬೆಳಿಗ್ಗೆ ಇನ್ನೊಂದೇ ಅವಕಾಶ. ಹೊರಡುವ ಮುಂಚೆ ಹೆಂಡತಿ, "ನಾಲ್ಕು ಮಾತಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳಂತೆ.

"ನಿನ್ನ ತಮ್ಮನಿಗೆ ನಾನು ಪಾಠ ಒಪ್ಪಿಸ್ಬೇಕಾ?"

"ಬೇಡ ಬಿಡಿ. ನಾಳೆಯಿಂದ ಮನೇಲಿ ಕೂತು ನನಗೆ ಒಪ್ಪಿಸಿ."

ಮತ್ತೆ ಹಾರಿದರು. ಈ ಸಲ ಮೂಟೆ ಬಲ ಎಂಜಿನ್ನಿನ ಶಕ್ತಿ ಇಳಿಸಿದ.

"ಬಲ ಎಂಜಿನ್ ಸತ್ತಿದೆ," ಎಂದರು ಕ್ಯಾಪ್ಟನ್, ಹಲ್ಲು ಕಚ್ಚಿಕೊಂಡು.

"ಕೇಳಿಸಲಿಲ್ಲ."

"ಬಲ."

"ಪೂರ್ತಿ ಹೇಳಿ ಭಾವ."

ಪೂರ್ತಿ ಹೇಳಿದರು. ಮೂಟೆ ಒಂದು ಗುಟುಕು ನೀರು ಕುಡಿದು, ಬಾಟಲಿಗೆ ಮುಚ್ಚಳ ಹಾಕಿ, ಆಮೇಲೆ "ಹೌದು" ಎಂದ. ಇದನ್ನು ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದ್ದಾರೆ. ಆರು ವರ್ಷದಲ್ಲಿ ಇಬ್ಬರ ಕಥೆಯೂ ತಾಳೆಯಾದದ್ದು ಇದೊಂದೇ ಸಲ.

ಇಳಿದು ಮೂಟೆ ಸಹಿ ಹಾಕಿ ಲೈಸೆನ್ಸು ಚಾಚಿದ. ಕ್ಯಾಪ್ಟನ್ ತಾರೀಖನ್ನು ಎರಡು ಸಲ ಓದಿದರು.

"ಮುಂದಿನ ಸಲ ಬೇರೆಯವರನ್ನ ಕಳಿಸು," ಎಂದರು, ನೇರವಾಗಿ ಅವನಿಗೇ.

"ಯಾರೂ ಸಿಗದಿದ್ರೆ ನಾನೇ."

"ಸಿಗೋ ಹಾಗೆ ನೋಡು."

ಕ್ಯಾಪ್ಟನ್ ಲೈಸೆನ್ಸನ್ನು ಜೇಬಿಗೆ ತುರುಕಿ, ಬೆಳಿಗ್ಗೆ ಹತ್ತಕ್ಕಿದ್ದ ಸರಕು ಹಾರಾಟಕ್ಕೆ ಹೊರಟರು.