ಗ್ರಹಣದ ಹೊತ್ತಿನ ಉಪ್ಪಿಟ್ಟು

ದೇವರನ್ನು ಬಿಟ್ಟು ಮನುಷ್ಯನನ್ನು ನಂಬಿದವರ ಗುಂಪು ನಮ್ಮದು. ಸೂರ್ಯಗ್ರಹಣ ಬಂತೆಂದರೆ ನಮಗೆ ಹಬ್ಬ. ಗ್ರಹಣ ನಡೆಯುವಾಗಲೇ ಎಲ್ಲರೆದುರು ಉಪ್ಪಿಟ್ಟು ತಿಂದು, ಏನೂ ಆಗುವುದಿಲ್ಲವೆಂದು ತೋರಿಸುತ್ತೇವೆ. ಆ ಬೆಳಿಗ್ಗೆ ಜಾಲಹಳ್ಳಿಯ ಮೈದಾನದಲ್ಲಿ ಗ್ರಹಣದ ಕನ್ನಡಕ ಹಂಚುವಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗೆಳೆಯನೊಬ್ಬ ಆಗಲೇ ಉಪ್ಪಿಟ್ಟಿಗೆ ಕೈ ಹಾಕಿದ.

“ತಡಿ ಗುರು, ಗ್ರಹಣ ಇನ್ನೂ ಹಿಡ್ದಿಲ್ಲ. ನಾನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಎಂದು ತಟ್ಟೆ ಕಿತ್ತುಕೊಂಡೆ.

ಗ್ರಹಣ ಮುಗಿಯುವವರೆಗೆ ನೀರನ್ನೂ ಮುಟ್ಟದ ನನ್ನ ಧಾರವಾಡದ ಅತ್ತೆ ಮರದಡಿ ಕೂತಿದ್ದರು. “ನೋಡ್ರಿ ಅಳಿಯಂದ್ರ, ನಾವು ಗ್ರಹಣ ಬಿಟ್ಟ ಮ್ಯಾಲೆ ತಿಂತೇವಿ, ನೀವು ಹಿಡದ ಮ್ಯಾಲೆ ತಿಂತೀರಿ. ಅಲ್ಲೀತನಕ ಇಬ್ಬರೂ ಉಪಾಸ.”

ಅಷ್ಟರಲ್ಲಿ ಸೂರ್ಯನ ಅಂಚು ಕಪ್ಪಾಯಿತು. ಮೊದಲ ತುತ್ತನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ತಿನ್ನುವುದೊಂದು ನಮಗೆ ಬಾಕಿ ಇತ್ತು.