ಜೇಬಿನಿಂದ ತೆಗೆಯದ ಅಪೀಲು

ನಿಮ್ಮ ದೊಡ್ಡಜ್ಜ ಬೆಳಗ್ಗೆ ತೋಟ ಸುತ್ತಿ ಬಂದರೆ ಅವರ ಹುಬ್ಬಿನ ತುಂಬ ಮಂಜಿನ ಹನಿ ಕೂತಿರುತ್ತಿದ್ದವು. ಒರೆಸಿಕೊಳ್ಳುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಷ್ಟರಲ್ಲಿ ತಾವೇ ಆರಿಹೋಗುತ್ತಿದ್ದವು. ಅಡುಗೆಮನೆಯ ಬಾಗಿಲ ಸಂದಿಯಿಂದ ನಾನು ಅವರನ್ನು ಕಂಡದ್ದೆಲ್ಲ ಹಾಗೆಯೇ, ಅರ್ಧ ಮಂಜಿನಲ್ಲಿ.

ಅವರು ನನ್ನ ಗಂಡನ ಅಣ್ಣ, ನನಗೆ ಭಾವ. ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡಬಾರದು ಎಂಬ ಕಟ್ಟನ್ನು ನಮ್ಮ ಹಿರಿಯರು ಮೈಸೂರು ಕಡೆಯಿಂದ ಊಟಿ ಹತ್ತಿರದ ಈ ಇತ್ತಲಾರಿಗೆ ಬರುವಾಗ ಗಂಟುಮೂಟೆಯ ಜೊತೆಗೇ ತಂದಿದ್ದರು. ಹಾಗಾಗಿ ನಮ್ಮಿಬ್ಬರ ನಡುವೆ ಬೆಕ್ಕು ಇತ್ತು.

"ಏನಮ್ಮ ಬೆಕ್ಕೇ, ಸಾರಿಗೆ ಉಪ್ಪು ಹಾಕೋದು ಮರೆತರಾ ಹೇಗೆ?" ಎಂದು ಅದನ್ನು ಕೇಳುವರು.

"ಉಪ್ಪು ತಟ್ಟೆ ಪಕ್ಕದಲ್ಲೇ ಇದೆ, ಕಣ್ಣು ಬಿಟ್ಟು ನೋಡೋಕೆ ಹೇಳು" ಎಂದು ನಾನೂ ಅದಕ್ಕೇ ಹೇಳುವೆ.

ಬೆಕ್ಕು ಸತ್ತ ಮೇಲೂ ಮಾತು ಅದರ ಹೆಸರಿನಲ್ಲೇ ನಡೆಯಿತು.

ಕಾಟೇಜುಗಳಿರುವ ಆ ಇಳಿಜಾರು ನಮ್ಮದೇಕೆ ಅಲ್ಲ ಎಂದು ಮೊನ್ನೆ ಕೇಳಿದಿರಲ್ಲ. ಅದು ಒಟ್ಟು ಕುಟುಂಬದ ಟೀ ತೋಟ, ಪಾಲಾಗಿರಲಿಲ್ಲ. ನಿಮ್ಮ ಅಜ್ಜನ ಚಿಕ್ಕಪ್ಪನ ಮಕ್ಕಳು ನಮ್ಮ ಪಾಲನ್ನೂ ಸೇರಿಸಿ ಮಾರಿಬಿಟ್ಟರು; ಕಾಟೇಜು ಕಟ್ಟಿದ್ದು ಕೊಂಡವರು. ಭಾವನೂ ನಿಮ್ಮ ಅಜ್ಜನೂ ಊಟಿಯಲ್ಲಿ ಕೇಸು ಹಾಕಿ ಸೋತರು. ಮೇಲಿನ ಕೋರ್ಟಿಗೆ ಅಪೀಲು ಹಾಕುವ ಗಡುವು ಮುಗಿಯುವ ಮೊದಲೇ ನಿಮ್ಮ ಅಜ್ಜ ತೀರಿಕೊಂಡರು. ಅವರ ಬದಲು ನಾನು ಸಹಿ ಹಾಕಬೇಕಿತ್ತು.

ಸೂತಕದ ಮನೆಯಲ್ಲಿ ನಮ್ಮವರು ಜಮೀನಿನ ಮಾತು ಎತ್ತುವುದಿಲ್ಲ. ಗಡುವಿನ ಕೊನೆಯ ದಿನ ಭಾವ ಬಂದು ಜಗಲಿಯಲ್ಲಿ ಕೂತರು. ಕೋಟಿನ ಜೇಬಿನಲ್ಲಿ ಮಡಿಸಿದ ಕಾಗದ ಇಣುಕುತ್ತಿತ್ತು. ಮಂಜು ಎಷ್ಟಿತ್ತೆಂದರೆ ಲೋಕದಲ್ಲಿ ಆ ಜಗಲಿಯೊಂದೇ ಉಳಿದಂತಿತ್ತು.

"ಬೆಕ್ಕೇ, ಒಳಗೆ ಏನಾದರೂ ತಿಂದರಾ?"

ಬಾಗಿಲ ಸಂದಿಯಿಂದಲೇ ಇಲ್ಲವೆಂದು ತಲೆಯಾಡಿಸಿದೆ.

"ಒಂದು ತುತ್ತಾದರೂ ತಿನ್ನೋಕೆ ಹೇಳು" ಎಂದು ಎದ್ದು ಹೋದರು. ಜೇಬಿಗೆ ಕೈ ಹಾಕಲೇ ಇಲ್ಲ.

ಆ ಕಾಗದ ನನ್ನ ಸಹಿಗೆ ತಂದ ಅಪೀಲು ಎಂದು ನನಗೆ ಗೊತ್ತಾದದ್ದು ಸೂತಕ ಕಳೆದ ಮೇಲೆ, ವಕೀಲರು ಮನೆಗೇ ಬಂದು ಭಾವನನ್ನು ಬೈದಾಗ.

"ತಡವಾದದ್ದಕ್ಕೆ ಕಾರಣ ಬರೆದುಕೊಟ್ಟರೆ ಈಗಲೂ ಕೇಳಿ ನೋಡಬಹುದು. ತಮ್ಮ ತೀರಿಕೊಂಡರು ಅಂದರೆ ಸಾಕು" ಎಂದರು ವಕೀಲರು.

"ಅವನ ಸಾವನ್ನ ಮುಂದಿಟ್ಟು ತೋಟ ಕೇಳಲಾ? ಬೇಡ ಸ್ವಾಮಿ."

"ತೋಟ ಹೋಗುತ್ತೆ."

"ತಮ್ಮನೇ ಹೋದ" ಎಂದರು ಭಾವ.

ಕೇಳಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆ. ನಿಮ್ಮ ಅಪ್ಪನ ಓದಿಗೆ ಪರದಾಡಿದ ವರ್ಷಗಳಲ್ಲಿ ಭಾವನ ಮೇಲೆ ಸಿಟ್ಟೂ ಬಂದಿದೆ. ಆದರೆ ಆ ದಿನಗಳಲ್ಲಿ ಬಂದವರೆಲ್ಲ ನನ್ನಿಂದ ಏನಾದರೊಂದು ಕೇಳುತ್ತಿದ್ದರು: ಒಡವೆ ಎಲ್ಲಿ, ಬೀಗದ ಕೈ ಎಲ್ಲಿ, ಮುಂದೇನು. ತಿಂದೆಯಾ ಎಂದು ಕೇಳಿದವರು ಅವರೊಬ್ಬರೇ.

ಆಮೇಲೆಯೂ ಭಾವ ಬೆಳಗ್ಗೆ ಆ ಇಳಿಜಾರಿನ ಬೇಲಿಯವರೆಗೆ ಹೋಗಿ ನಿಲ್ಲುತ್ತಿದ್ದರು. ಹಿಂದಿರುಗಿ, "ಬೆಕ್ಕೇ, ಮಂಜು ಇಳಿದಾಗ ಕಾಟೇಜು ಕಾಣೋದೇ ಇಲ್ಲ. ಅಷ್ಟು ಹೊತ್ತು ತೋಟ ನಮ್ಮದೇ" ಎಂದು ನಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಕೊನೆಯ ದಿನ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಮೊದಲ ಸಲ ನೇರವಾಗಿ ಹೇಳಿದೆ: "ಭಾವ, ಸ್ವಲ್ಪ ಗಂಜಿ ಕುಡೀರಿ."

ಕಣ್ಣು ಮುಚ್ಚಿಕೊಂಡೇ ನಕ್ಕರು.

"ಕುಡೀತೀನಿ ಅಂತ ಹೇಳು, ಬೆಕ್ಕೇ. ಅವರು ಮೊದಲು ಒಂದು ತುತ್ತು ತಿನ್ನಲಿ."